ರಸೀದಿ ಇಲ್ಲದ ಬುತ್ತಿ

ಗದಗಿನ ಒಂದು ಓಣಿಯಲ್ಲಿ ಟೈಲ್ಸ್ ವ್ಯಾಪಾರದ ಸಂಗನಬಸಪ್ಪ ಸಾಹುಕಾರರಿದ್ದರು.
ದಾನ ಮಾಡೋದರಲ್ಲಿ ಎತ್ತಿದ ಕೈ... ಆದರೆ ರಸೀದಿ ಕೈಗೆ ಬಂದ ಮೇಲೆ!

ಇನ್‌ಕಮ್ ಟ್ಯಾಕ್ಸಿನಲ್ಲಿ ಯಾವ ದಾನ ಕಳೆಯಲು ಬರುತ್ತದೆ, ಯಾವುದು ಬರುವುದಿಲ್ಲ ಅನ್ನೋದು ಅವರಿಗೆ ಬಾಯಿಪಾಠ.

ಒಂದು ದಿನ ಓಣಿಯಲ್ಲಿ ರೊಟ್ಟಿ ಮಾರುವ ಶಿವಗಂಗವ್ವ ಅಂಗಡಿಗೆ ಬಂದಳು. ಜೊತೆಗೆ ಟೇಲರ್ ಹುಸೇನಸಾಬನ ಹೆಂಡತಿ ಮಾಬೂಬಿ.

"ಸಾಹುಕಾರ್ರ, ಹುಸೇನಸಾಬಗ ಸಕ್ಕರಿ ಕಾಯಿಲೆ, ಕಾಲು ಕೊಳಿಯಾಕ ಹತ್ತೈತ್ರಿ. ಲಗೂನ ಆಪರೇಷನ್ ಮಾಡಿಸಿದ್ರ ಉಳಿತೈತಂತ. ಓಣ್ಯಾಗ ರೊಕ್ಕದ ಪಟ್ಟಿ ಎತ್ತಾಕತ್ತೀವಿ..."

"ಎಂಬತ್ತು ಜೀ ಐತೇನು?"

ಟ್ಯಾಕ್ಸ್ ವಿನಾಯಿತಿ ಸಿಗುವ ರಸೀದಿ ಇದೆಯಾ ಅಂತ ಅವರ ಪ್ರಶ್ನೆ. ಶಿವಗಂಗವ್ವ ಕಕ್ಕಾಬಿಕ್ಕಿ.

"ಎಂಬತ್ತು ಜೀವ ಎಲ್ಲದಾವ್ರಿ? ಇದು ಒಂದ ಜೀವದ ಮಾತು..."

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಾಹುಕಾರರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಂಸ್ಥಾಕ್ಕ ಕೊಟ್ರ ಕಳಿಯಾಕ ಬರತೈತಿ. ಹಿಂಗ ಒಬ್ಬರ ಕೈಯಾಗ ಕೊಟ್ಟದ್ದು ಲೆಕ್ಕಕ್ಕ ಬರಂಗಿಲ್ಲ ಬೇ. ಹೋಗ್ರಿ, ಹೋಗ್ರಿ."

ಮಾಬೂಬಿ ತಲೆ ತಗ್ಗಿಸಿಕೊಂಡು ಹೋದಳು.

ಎರಡು ತಿಂಗಳಾಗಿತ್ತೋ ಇಲ್ಲವೋ, ಸಾಹುಕಾರರ ತಾಯಿ ತೀರಿಕೊಂಡರು.

ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಓಣಿಯವರೇ ಬುತ್ತಿ ತಂದು ಉಣಿಸಬೇಕು, ನಮ್ಮ ಕಡೆಯ ಪದ್ಧತಿ.

ಮಣ್ಣು ಮಾಡಿ ಬಂದ ಸಾಹುಕಾರರಿಗೆ ಒಳಗೊಳಗೇ ಅಳುಕು... ನಮ್ಮ ಮನೆಗೆ ಯಾರು ಬಂದಾರು?

ಮೊದಲು ಬಂದವಳು ಶಿವಗಂಗವ್ವ, ಬುಟ್ಟಿ ತುಂಬ ರೊಟ್ಟಿ. ಹಿಂದೆಯೇ ಮಾಬೂಬಿ, ಸಾಹುಕಾರರ ಮನೆಯ ಮಕ್ಕಳಿಗೆಂದು ಹಾಲು ಹಿಡಿದುಕೊಂಡು.

ಸಾಹುಕಾರರು ಮುಖ ಎತ್ತದೆ ಮಾಬೂಬಿಯನ್ನು ಕೇಳಿದರು. "ಹುಸೇನಸಾಬ ಹೆಂಗದಾನವಾ?"

"ರೊಕ್ಕ ಹೊಂದೋದು ತಡ ಆತ್ರಿ... ಮೊಣಕಾಲ ಮಟಾ ಕಾಲು ತಗದ್ರು. ಇನ್ನ ಮಷೀನ್ ತುಳಿಯೋ ಹಂಗಿಲ್ಲ. ಅದಿರ್ಲಿ, ನೀವು ಮೊದಲ ಉಣ್ರಿ ಅಣ್ಣಾರ. ಮುಂಜಾನಿಂದ ಉಪಾಸ ಅದೀರಿ."

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಸಾಹುಕಾರರಿಗೆ. ಆ ನಾಚಿಕೆಯಲ್ಲೂ ಹಾಳು ಚಾಳಿ ಬಿಡಲಿಲ್ಲ... ಕೈ ಜೇಬಿಗೆ ಹೋಯಿತು.

"ಎಷ್ಟಾತು ಹೇಳ್ರಿ..."

ಶಿವಗಂಗವ್ವನಿಗೆ ಸಿಟ್ಟು ಬಂತು. "ಸತ್ತ ಮನಿ ಬುತ್ತಿಗೆ ರೊಕ್ಕ ಕೊಡ್ತಾರೇನ್ರಿ ಯಾರರ? ಕೈ ಹೊರಗ ತಗೀರಿ!"

ಹೊರಗೆ ಬಂದ ಖಾಲಿ ಕೈ ಮೇಲೆ ಮಾಬೂಬಿಯೇ ರೊಟ್ಟಿ ಇಟ್ಟಳು.

ಅದನ್ನು ಹಿಡಿದುಕೊಂಡು ಸಾಹುಕಾರರು ಬಿಕ್ಕಿ ಬಿಕ್ಕಿ ಅತ್ತರು.

ತಾಯಿಗಾಗಿ ಅಳುತ್ತಿದ್ದಾರೆ ಅಂದುಕೊಂಡು ಬಂದವರೆಲ್ಲ ಸಮಾಧಾನ ಮಾಡಿದರು... ಅಲ್ಲ ಅಂತ ಹೇಳುವಷ್ಟು ಧೈರ್ಯವೂ ಸಾಹುಕಾರರಿಗೆ ಇರಲಿಲ್ಲ.

ತೆರಿಗೆ ಉಳಿಸುವ ದಾನಕ್ಕೆ ರಸೀದಿ ಸಿಗುತ್ತದೆ... ಮನುಷ್ಯನನ್ನು ಉಳಿಸುವ ಸಹಾಯಕ್ಕೆ ಸಿಗುವುದಿಲ್ಲ.

ನಿಮ್ಮ ಬಾಗಿಲಿಗೆ ಯಾರಾದರೂ ಕಷ್ಟ ಹೇಳಿಕೊಂಡು ಬಂದಾಗ, ನಿಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ ಯಾವುದು?