ಬಿಚ್ಚಿ ಹೊಲಿದದ್ದು

"ಈಗ ಹೆಬ್ಬೆರಳು ಮಡಿಸಿ, ಅಕ್ಕಾ," ಎಂದ ತಮ್ಮನ ವಯಸ್ಸಿನ ಡಾಕ್ಟರ್. ಕತ್ತರಿ ಜಾರಿ ಹೆಬ್ಬೆರಳನ್ನು ಮಡಿಸುವ ಸ್ನಾಯುರಜ್ಜು ತುಂಡಾಗಿದ್ದ ಟೈಲರಕ್ಕನನ್ನು ಎಚ್ಚರವಾಗಿಯೇ ಮಲಗಿಸಿ, ನೋವು ತಿಳಿಯದಂತೆ ಕೈಗಷ್ಟೇ ಇಂಜೆಕ್ಷನ್ ಕೊಟ್ಟು, ತುಂಡಾದದ್ದನ್ನು ಹೊಲಿದಿದ್ದರು. ಅವಳು ಉಸಿರು ಬಿಗಿಹಿಡಿದು ಮಡಿಸಿದಳು. ಬೆರಳು ಅರ್ಧಕ್ಕೇ ನಿಂತಿತು.

ಡಾಕ್ಟರ್ ದನಿ ಸಪ್ಪಗಾಯಿತು. "ಹೊಲಿಗೆ ಸಡಿಲ ಆಗಿದೆ. ನೀವು ನಿದ್ದೇಲಿದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ಅರ್ಧ ಬೆರಳಲ್ಲಿ ನಾನು ಕತ್ತರಿ ಹಿಡಿಯೋದು ಹೇಗೆ? ಬಿಚ್ಚಿ ಮತ್ತೆ ಹಾಕಪ್ಪ. ಬಿಚ್ಚೋಕೆ ನಾಚೋರು ನನ್ನ ಅಂಗಡೀಲಿ ಒಂದು ವಾರ ನಿಲ್ಲಲ್ಲ." ಮಾಸ್ಕಿನೊಳಗೇ ನಕ್ಕ ಡಾಕ್ಟರ್ ದಾರ ಕತ್ತರಿಸಿ, ಮೊದಲಿಂದ ಹೊಲಿದ.

"ಈಗ?" ಎಂದ. ಹೆಬ್ಬೆರಳು ಸಲೀಸಾಗಿ ಬಾಗಿ ಕಿರುಬೆರಳಿನ ಬುಡ ಮುಟ್ಟಿತು. ಟೈಲರಕ್ಕ ಇಲ್ಲದ ಬಟ್ಟೆಯನ್ನು ಗಾಳಿಯಲ್ಲೇ ಎರಡು ಸಲ ಕತ್ತರಿಸಿ ನೋಡಿ, ಆಮೇಲೆ ಉಸಿರು ಬಿಟ್ಟಳು.