ತಳಕ್ಕೆ ಎರಡು ತೂತು

ಅರ್ಧ ತಾಸಿನಿಂದ ಆ ಗಿರಾಕಿ ಅಂಗಡಿಯವನ ತಲೆ ತಿಂದಿದ್ದ. ಮಳೆಯಲ್ಲಿ ನಾಲ್ಕು ದಿನ ಬೆಟ್ಟ ಹತ್ತಬೇಕು, ಬೆನ್ನಿಗೆ ಹಾಕುವ ದೊಡ್ಡ ಬ್ಯಾಗು ಬೇಕು, ಒಳಗೆ ಒಂದು ಹನಿಯೂ ಇಳಿಯಬಾರದು ಎಂದು ಒಂದೊಂದರ ಮೇಲೂ ಚೊಂಬುಗಟ್ಟಲೆ ನೀರು ಸುರಿಸಿ ನೋಡಿದ್ದ. ಕೊನೆಗೆ ಎಲ್ಲಕ್ಕಿಂತ ದುಬಾರಿಯದನ್ನು ಆರಿಸಿ, "ತಳದಾಗ ಎರಡು ತೂತು ಹಾಕಿ ಕೊಡ್ರಿ" ಎಂದ.

ಅಂಗಡಿಯವನಿಗೆ ಪಿತ್ತ ನೆತ್ತಿಗೇರಿತು. "ಇಷ್ಟೊತ್ತು ನೀರು ಸುರಿದು, ಈಗ ತೂತು ಹಾಕು ಅಂತೀರಲ್ರಿ. ನನ್ನ ಹುಚ್ಚ ಅಂತ ತಿಳಕೊಂಡೀರೇನ್ರಿ?"

"ಹಾಕ್ರಿ."

"ಹಾಕಿದ ಮ್ಯಾಲೆ ವಾಪಸ್ ತಗೊಳ್ಳೂದಿಲ್ಲ ಮತ್ತ. ಎಷ್ಟು ದೊಡ್ಡವು ಬೇಕು, ಹೇಳ್ರಿ" ಎಂದು ಅಂಗಡಿಯವನು ಸಿಟ್ಟಿನಿಂದಲೇ ಕತ್ತರಿ ಎತ್ತಿಕೊಂಡ.

ಗಿರಾಕಿ ಹೊರಗೆ ಹೋಗಿ, ರಿಕ್ಷಾದಲ್ಲಿ ಕೂರಿಸಿದ್ದ ಎಂಟು ವರ್ಷದ ಮಗಳನ್ನು ಎತ್ತಿಕೊಂಡು ಬಂದ. ಅವಳ ಸೊರಗಿದ ಕಾಲುಗಳನ್ನು ಬ್ಯಾಗಿನ ಪಕ್ಕಕ್ಕೆ ಹಿಡಿದು ಹೇಳಿದ:

"ಇವು ಹೊರಗ ಬರೂವಷ್ಟು."