ದವಡೆಗೊಂದು ಚಮಚ ನೀರು

ದಿಗ್ವಿಜಯಿ ಚಂಡವರ್ಮನಿಗೆ ವಿಷವಿಟ್ಟಳೆಂದು, ಕುದುರೆಗಳಿಗೆ ನೀರು ಹೊರುತ್ತಿದ್ದ ಮಾಳವ್ವೆಯನ್ನು ಕೊಂದರು. ಎರಡು ಸಾವಿರ ವರ್ಷವಾಯಿತು. ಅವಳ ವಂಶದವರು ಇವತ್ತಿಗೂ ಊರಿನ ನೀರಿನ ನಲ್ಲಿಯನ್ನು ಮುಟ್ಟುವಂತಿಲ್ಲ.

ಮೂಳೆ ಕಚೇರಿಯಲ್ಲಿ ಹುಲಿಗೆಮ್ಮನ ಕೆಲಸವೆಂದರೆ ಸತ್ತವರ ಮೂಳೆಯನ್ನು ಉಪ್ಪುನೀರಲ್ಲಿ ನೆನೆಹಾಕಿ, ಅದು ಹೇಳುವ ಕೊನೆಯ ಮಾತನ್ನು ಕೇಳಿ ಬರೆಯುವುದು. ಹೆಚ್ಚಿನವು ಮಕ್ಕಳ ಹೆಸರು ಕರೆದು ಸುಮ್ಮನಾಗುತ್ತವೆ. ಇವತ್ತು ಚಂಡವರ್ಮನ ದವಡೆಯ ಸರದಿ. ಅದರ ಮಾತು ಕೇಳಿಸಬೇಕೆಂದು ಅರ್ಜಿ ಹಾಕಿದ್ದ ದುರುಗವ್ವ, ಮಾಳವ್ವೆಯ ವಂಶದವಳು, ಮನೆಯಿಂದ ತಂದ ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದಳು.

ಹುಲಿಗೆಮ್ಮ ದವಡೆಯ ಮಾತು ಕೇಳಿ ಮುಗಿಸಿದಾಗ, “ಏನಂತೆ?” ಎಂದರು ಕಚೇರಿಯ ಸಾಹೇಬರು.

“ವಿಷ ಅಲ್ಲ, ಜ್ವರವಂತೆ ಸಾರ್. ಉಳಿದ ಆಳುಗಳೆಲ್ಲ ಹೆದರಿ ಓಡಿಹೋದರಂತೆ. ಮೂರು ದಿನ ನೀರು ನೀರು ಅಂತ ಅಂಗಲಾಚಿದನಂತೆ. ಮಾಳವ್ವೆ ಕೊಡ ಹೊತ್ತು ಬಾಗಿಲಲ್ಲೇ ನಿಂತಿದ್ದಳಂತೆ. ಅವಳು ಮುಟ್ಟಿದ ನೀರು ಅರಸನಿಗೆ ಆಗದು ಅಂತ ಅರಮನೆಯವರು ಒಳಗೆ ಬಿಡಲಿಲ್ಲವಂತೆ.”

ಸಾಹೇಬರು ಕನ್ನಡಕ ಒರೆಸಿಕೊಂಡರು. “ಇಪ್ಪತ್ತು ಕೋಟೆ ಗೆದ್ದವನು ಬಾಯಾರಿ ಸತ್ತ ಅಂದರೆ ಶಾಲೆ ಮಕ್ಕಳೂ ನಗ್ತಾವೆ ಕಣಮ್ಮ. ಆ ಅರಮನೆಯವರು ಅಂದರೆ ನಮ್ಮ ಹಿರೀಕರು. ವಿಷ ಅಂತ ಬರೆದು ಮುಗಿಸು.”

ಮಾತು ಮುಗಿಸಿದ ಮೂಳೆಗೆ ಒಂದು ಚಮಚ ನೀರು ಬಿಟ್ಟು ಕಳಿಸುವುದು ಕಚೇರಿಯ ಪದ್ಧತಿ. ಹುಲಿಗೆಮ್ಮ ಎದ್ದು ಬಾಗಿಲು ತೆರೆದಳು.

“ದುರುಗವ್ವ, ಬಾಟಲಿ ತಗೊಂಡು ಒಳಗೆ ಬಾರವ್ವ. ಇವನಿಗೆ ನೀನೇ ನೀರು ಬಿಡು.”

“ಏಯ್, ಅವಳು ಬಾಗಿಲಲ್ಲೇ ಇರಲಿ.”

“ಇಲ್ಲ ಸಾರ್,” ಎಂದಳು ಹುಲಿಗೆಮ್ಮ, ಬಾಗಿಲು ಹಿಡಿದುಕೊಂಡೇ. “ಒಳಗೆ ಬರ್ತಾಳೆ. ಅವನು ಹೇಳಿದ್ದನ್ನಷ್ಟೇ ನಾನು ಬರೀತೀನಿ.”